ವಸ್ತಿ ಬಸ್ಸಿನ ಲೆಕ್ಕ

ನಮ್ಮ ಸಿರುಗುಪ್ಪ ಸೀಮೆಯ ಊರುಗಳಲ್ಲಿ ಬೆಳಿಗ್ಗೆ ಬಸ್ಸಿಗೆಂದು ಓಡೋಡಿ ಬಂದವರು 'ಬಸ್ಸು ಎಷ್ಟೊತ್ತಿಗೆ ಬರ್ತೈತಿ?' ಎಂದು ಕೇಳುವುದು ಕಡಿಮೆ. 'ಬಸ್ಸು ಹೋತೇನ್ರೀ?' ಎಂದೇ ಕೇಳುತ್ತಾರೆ. ಕರೂರಿನಲ್ಲಿ ನಾನು ಚಿಕ್ಕಂದಿನಿಂದ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರು ಸಿರುಗುಪ್ಪದ ಕಾಲೇಜಿಗೆ ಹೊರಟ ಹುಡುಗಿ ಇರಬಹುದು, ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಹೊರಟ ರೈತ ಇರಬಹುದು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೊರಟ ಮುದುಕಿ ಇರಬಹುದು. 'ಇಲ್ಲವ್ವಾ, ಇನ್ನಾ ಬಂದಿಲ್ಲ' ಎಂಬ ಉತ್ತರ ಬಂದರೆ ಮುಖ ಅರಳುತ್ತದೆ. ಬಸ್ಸು ಇನ್ನೂ ಬಂದಿಲ್ಲ ಎಂಬುದೇ ಅಲ್ಲಿ ಒಳ್ಳೆಯ ಸುದ್ದಿ. ಹೋಯಿತು ಅಂದರೆ ಆ ದಿನದ ಕೆಲಸವೂ ಅದರ ಜೊತೆಗೇ ಹೋದಂತೆ.

ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ಈ ಪ್ರಶ್ನೆ ಯಾರಿಗೂ ಬೇಕಿಲ್ಲ. ಮುಂದಿನ ರೈಲಿಗೆ ಎಷ್ಟು ನಿಮಿಷ ಎಂದು ತಲೆಯ ಮೇಲಿನ ಫಲಕವೇ ಹೇಳುತ್ತದೆ. ಒಂದು ತಪ್ಪಿದರೆ ಇನ್ನೊಂದು. ಮೂರು ನಿಮಿಷ ಅಂದರೆ ಸರಿ. ಎಂಟು ನಿಮಿಷ ಅಂದರೆ ನಿಂತವರು ಉಸ್ಸೆನ್ನುತ್ತಾರೆ. ಹಾಗೆ ಉಸ್ಸೆಂದವರಲ್ಲಿ ನಾನೂ ಒಬ್ಬ. ಒಂದು ಸಂಜೆ ಹಾಗೆ ಉಸ್ಸೆಂದಾಗಲೇ ಊರಿನ ಆ ಪ್ರಶ್ನೆ ನೆನಪಾಗಿ ನಾಚಿಕೆಯಾಯಿತು. ನಾಚಿಕೆಯೇನೂ ವಾದವಲ್ಲ, ಎಂಟು ನಿಮಿಷ ಕಾಯುವವರಿಗೂ ಅವರವರ ಅವಸರವಿರುತ್ತದೆ. ಆದರೂ ಅಂದಿನಿಂದ ಒಂದು ಯೋಚನೆ ಬೆನ್ನು ಬಿಟ್ಟಿಲ್ಲ. ಸಾರ್ವಜನಿಕ ಸಾರಿಗೆ ಬೆಳೆಯಬೇಕು ಎಂದು ನಾವೆಲ್ಲ ಒಪ್ಪುತ್ತೇವೆ. ಬೆಳೆಯಿತು ಎಂದು ಹೇಳಬೇಕಾದರೆ ಯಾರ ನಿಮಿಷಗಳನ್ನು ಎಣಿಸಬೇಕು?

ಬೆಂಗಳೂರಿನ ಬೆಳವಣಿಗೆಯನ್ನು ನಾವು ಸಾಮಾನ್ಯವಾಗಿ ಕಿಲೋಮೀಟರುಗಳಲ್ಲಿ ಹೇಳಿಕೊಳ್ಳುತ್ತೇವೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದಾಗ ಇದ್ದದ್ದು ಏಳು ಕಿಲೋಮೀಟರಿಗೂ ಕಡಿಮೆ ದಾರಿ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಯಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ ಹಳದಿ ಮಾರ್ಗ ಸೇರಿಕೊಂಡು ಒಟ್ಟು ಜಾಲ ಸುಮಾರು 96 ಕಿಲೋಮೀಟರ್ ಆಯಿತು. ಇದರ ಮೇಲೆ 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ ನಾಲ್ಕು ಕಾರಿಡಾರುಗಳದು ಇನ್ನೂ 148 ಕಿಲೋಮೀಟರ್. ಇವೆಲ್ಲ ಬೇಕಾದವೇ, ಬಹಳ ತಡವಾಗಿ ಬಂದವು ಎಂದರೂ ಸರಿಯೇ.

ಆದರೆ ಹಳದಿ ಮಾರ್ಗದ ಮೊದಲ ದಿನಗಳನ್ನು ನೆನೆಸಿಕೊಳ್ಳಿ. ಕಂಬಗಳು ಎದ್ದಿದ್ದವು, ಹಳಿ ಹಾಸಿತ್ತು, 16 ನಿಲ್ದಾಣಗಳು ದೀಪ ಹಚ್ಚಿಕೊಂಡು ನಿಂತಿದ್ದವು. ಓಡಲು ಇದ್ದ ರೈಲುಗಳು ಮಾತ್ರ ಮೂರು. ಹಾಗಾಗಿ ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು. ನಕ್ಷೆಯ ಮೇಲೆ ಗೆರೆ ಒಂದೇ ದಿನಕ್ಕೆ ಪೂರ್ತಿಯಾಗಿ ಮೂಡಿತು, ಪ್ರಯಾಣಿಕರಿಗೆ ಸೇವೆ ತುಸುತುಸುವಾಗಿ ಸಿಕ್ಕಿತು. ರೈಲುಗಳು ಒಂದೊಂದಾಗಿ ಬಂದಂತೆ ಅಂತರ ಇಳಿಯುತ್ತಾ ಹೋಯಿತು. ಕಾಲುವೆ ತೋಡಿದ ಮಾತ್ರಕ್ಕೆ ನೀರು ಬಂದ ಹಾಗಲ್ಲ ಎಂಬುದು ತುಂಗಭದ್ರಾ ಕಾಲುವೆಯ ಕೊನೆಯಂಚಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾರಿಗೆಯೂ ಹಾಗೆಯೇ. ದಾರಿ ಎಷ್ಟು ಉದ್ದ ಎಂಬುದರ ಜೊತೆಗೆ ಎಷ್ಟು ಹೊತ್ತಿಗೊಮ್ಮೆ ಗಾಡಿ ಬರುತ್ತದೆ ಎಂದೂ ಕೇಳಬೇಕಾಗುತ್ತದೆ.

ಕಾಯುವುದಕ್ಕೆ ತನ್ನದೇ ಆದ ಒಂದು ಗಣಿತವಿದೆ. ಗಂಟೆಗೆ ಎರಡು ಬಸ್ಸು ಇವೆ ಎಂದುಕೊಳ್ಳಿ. ಸರಿಯಾಗಿ ಅರ್ಧ ಗಂಟೆಗೊಂದರಂತೆ ಬಂದರೆ, ವೇಳೆ ನೋಡದೆ ಬಂದು ನಿಂತವರು ಸರಾಸರಿ 15 ನಿಮಿಷ ಕಾಯುತ್ತಾರೆ. ಅವೇ ಎರಡು ಬಸ್ಸುಗಳು ಐದು ನಿಮಿಷದ ಅಂತರದಲ್ಲಿ ಒಂದರ ಬೆನ್ನಿಗೊಂದು ಬಂದುಹೋಗಿ ಉಳಿದ 55 ನಿಮಿಷ ರಸ್ತೆ ಖಾಲಿಯಿದ್ದರೆ ಸರಾಸರಿ ಕಾಯುವಿಕೆ 25 ನಿಮಿಷ ದಾಟುತ್ತದೆ. ಏಕೆಂದರೆ ಹೆಚ್ಚಿನ ಜನ ಬಂದು ನಿಲ್ಲುವುದು ಆ ಉದ್ದನೆಯ ಖಾಲಿಯಲ್ಲೇ. ಕಡತದಲ್ಲಿ ಎರಡೂ ಕಡೆ 'ಗಂಟೆಗೆ ಎರಡು ಬಸ್ಸು' ಎಂದೇ ಇರುತ್ತದೆ. ಇನ್ನೊಂದು ಮಾತು: ಸಾರಿಗೆ ಯೋಜನೆ ಮಾಡುವವರು ನಿಲ್ದಾಣದಲ್ಲಿ ಕಾಯುವ ಒಂದು ನಿಮಿಷವನ್ನು ಗಾಡಿಯೊಳಗಿನ ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಎಣಿಸುವ ರೂಢಿಯಿದೆ. ಕೂತು ಸಾಗುವ ಹೊತ್ತಿಗಿಂತ ಬಿಸಿಲಲ್ಲಿ ನಿಂತು ದಾರಿ ನೋಡುವ ಹೊತ್ತು ದೊಡ್ಡದು ಎಂಬುದನ್ನು ಅವರ ಲೆಕ್ಕವೂ ಒಪ್ಪಿಕೊಂಡಿದೆ.

ಈಗ ನೈತಿಕ ಪ್ರಶ್ನೆಗೆ ಬರೋಣ. ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳೋಣ. ಕೈಯಲ್ಲಿ ಒಂದಿಷ್ಟು ಹಣವಿದೆ. ಅದನ್ನು ದೊಡ್ಡ ನಗರದ ಒಂದು ಜನನಿಬಿಡ ರೂಟಿಗೆ ಹಾಕಿದರೆ ಆರು ನಿಮಿಷಕ್ಕೊಂದು ಬರುತ್ತಿದ್ದ ಬಸ್ಸು ಐದು ನಿಮಿಷಕ್ಕೊಂದು ಬರುತ್ತದೆ. ಸರಾಸರಿ ಕಾಯುವಿಕೆಯಲ್ಲಿ ಅರ್ಧ ನಿಮಿಷ ಉಳಿಯಿತು. ದಿನಕ್ಕೆ 3000 ಪ್ರಯಾಣಿಕರಿದ್ದರೆ ಒಟ್ಟು ಉಳಿತಾಯ 1500 ನಿಮಿಷ. ಅದೇ ಹಣವನ್ನು ಅಂಚಿನ ಒಂದು ಊರಿಗೆ ಹಾಕಿದರೆ ಗಂಟೆಗೊಂದು ಇದ್ದ ಬಸ್ಸು ಅರ್ಧ ಗಂಟೆಗೊಂದು ಆಗುತ್ತದೆ. ತಲೆಗೆ 15 ನಿಮಿಷ ಉಳಿಯುತ್ತದೆ. ಆದರೆ ಅಲ್ಲಿ ದಿನಕ್ಕೆ ಹತ್ತುವವರು 60 ಜನ. ಒಟ್ಟು 900 ನಿಮಿಷ. ಮೊತ್ತವೇ ನ್ಯಾಯ ಎನ್ನುವುದಾದರೆ ತೀರ್ಪು ಆಗಿಹೋಯಿತು. ಹಣ ನಗರಕ್ಕೆ.

ಈ ತೀರ್ಪಿನಲ್ಲಿ ಏನೋ ಸರಿಯಿಲ್ಲ ಎನ್ನಿಸುವುದು ಊರಿನ ಮೇಲಿನ ಮೋಹದಿಂದ ಮಾತ್ರವೆ? ಅಮೆರಿಕದ ತತ್ವಜ್ಞಾನಿ ಟಿ.ಎಂ. ಸ್ಕ್ಯಾನ್ಲನ್ 1998ರಲ್ಲಿ ಪ್ರಕಟಿಸಿದ, ನಾವು ಒಬ್ಬರಿಗೊಬ್ಬರು ಏನು ಸಲ್ಲಿಸಬೇಕು ಎಂಬುದನ್ನು ಕುರಿತ ಪುಸ್ತಕದಲ್ಲಿ ಒಂದು ಸನ್ನಿವೇಶ ಬರುತ್ತದೆ. ಟಿ.ವಿ. ಕೇಂದ್ರದ ಪ್ರಸಾರ ಯಂತ್ರಗಳ ಕೋಣೆಯಲ್ಲಿ ಒಬ್ಬ ಕೆಲಸಗಾರನ ಕೈ ಮೇಲೆ ಉಪಕರಣ ಬಿದ್ದಿದೆ; ಅವನಿಗೆ ಕರೆಂಟು ಹೊಡೆಯುತ್ತಿದೆ. ಅವನನ್ನು ಬಿಡಿಸಬೇಕಾದರೆ ಪ್ರಸಾರವನ್ನು 15 ನಿಮಿಷ ನಿಲ್ಲಿಸಬೇಕು. ಆದರೆ ವಿಶ್ವಕಪ್ ಪಂದ್ಯ ನಡೆಯುತ್ತಿದೆ, ಲೆಕ್ಕವಿಲ್ಲದಷ್ಟು ಜನ ನೋಡುತ್ತಿದ್ದಾರೆ, ಮುಗಿಯಲು ಇನ್ನೂ ಒಂದು ಗಂಟೆಯಿದೆ. ಪಂದ್ಯ ಮುಗಿಯಲಿ ಎಂದು ಅವನನ್ನು ಹಾಗೇ ಬಿಡಬಹುದೆ? ಬಿಡಕೂಡದು ಎಂದು ನಮ್ಮಲ್ಲಿ ಬಹುತೇಕರಿಗೆ ತಕ್ಷಣ ಅನ್ನಿಸುತ್ತದೆ. ನೋಡುಗರು ಹತ್ತು ಲಕ್ಷವಿದ್ದರೂ ಹತ್ತು ಕೋಟಿಯಿದ್ದರೂ ಉತ್ತರ ಬದಲಾಗುವುದಿಲ್ಲ. ಏಕೆಂದರೆ ಆ ಕೋಟಿ ಬೇಸರಗಳು ಯಾರೊಬ್ಬರ ಮೈಯಲ್ಲೂ ಒಟ್ಟುಗೂಡುವುದಿಲ್ಲ. ಒಬ್ಬೊಬ್ಬರ ಪಾಲಿಗೆ ಬರುವುದು 15 ನಿಮಿಷದ ನಿರಾಸೆ ಮಾತ್ರ. ಕೆಳಗೆ ಸಿಕ್ಕಿಕೊಂಡವನ ನೋವು ಮಾತ್ರ ಇಡಿಯಾಗಿ ಅವನೊಬ್ಬನದೇ.

ನನ್ನ ಕಾಲ್ಪನಿಕ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. 1500 ನಿಮಿಷ ಎಂಬುದನ್ನು ಯಾರೂ ಅನುಭವಿಸುವುದಿಲ್ಲ. ಅರ್ಧ ನಿಮಿಷ ಉಳಿಯಿತು ಎಂದು ಯಾರಿಗೂ ಗೊತ್ತೂ ಆಗುವುದಿಲ್ಲ. ಊರಿನ 15 ನಿಮಿಷ ಹಾಗಲ್ಲ. ಮೊದಲ ಪೀರಿಯಡ್ಡಿನ ಹಾಜರಿ ಅದರ ಮೇಲೆ ನಿಂತಿರುತ್ತದೆ, ಆಸ್ಪತ್ರೆಯ ಹೊರರೋಗಿ ಚೀಟಿ ಸಿಗುವುದು ಅದರ ಮೇಲೆ ನಿಂತಿರುತ್ತದೆ. ಸಂಜೆ ವಾಪಸು ಬಸ್ಸು ಖಾತ್ರಿಯಿಲ್ಲ ಎಂದಾದರೆ ಮನೆಯವರು ಮೊದಲು ಬಿಡಿಸುವುದು ಹುಡುಗಿಯ ಕಾಲೇಜನ್ನು. ಬಸ್ಸು ಇಲ್ಲದ ಹೊತ್ತಿನಲ್ಲಿ ಟಂಟಂ, ಕ್ರೂಸರ್ ಸಿಗುತ್ತವೆ, ನಿಜ. ಅವು ತುಂಬಿದ ಮೇಲೆ ಹೊರಡುತ್ತವೆ. ಅಲ್ಲಿ ಕಾಯುವಿಕೆಗೆ ಗಡಿಯಾರವೇ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಗರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಬೆಳಗಿನ ಎಂಟು ಗಂಟೆಗೆ ಪೀಣ್ಯದ ಕಡೆಗೋ ಬೊಮ್ಮನಹಳ್ಳಿಯ ಕಡೆಗೋ ಹೋಗುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂಟಿ ಕಾಲಲ್ಲಿ ನಿಂತವರ ಸಂಕಟವನ್ನು 'ಅರ್ಧ ನಿಮಿಷ' ಎಂದು ಎಣಿಸಲಾಗದು. ಬಸ್ಸು ಬಂದರೂ ಹತ್ತಲಾಗದೆ ಹೋದರೆ ಆ ಬಸ್ಸು ಅವರ ಪಾಲಿಗೆ ಬರಲೇ ಇಲ್ಲ. ಗಾರ್ಮೆಂಟ್ಸ್ ಗೇಟು ಮುಚ್ಚುವ ಹೊತ್ತು ಮೀರಿದರೆ ಕೂಲಿ ಹೋಗುತ್ತದೆ. ನಸುಕಿನಲ್ಲೇ ಮನೆಗೆಲಸಕ್ಕೆ ಹೊರಡುವ ಹೆಂಗಸು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್, ನಗರದ ಹೊರಗೆ ಅಗ್ಗದ ಬಾಡಿಗೆಗೆ ಹೋಗಿ ನೆಲೆಸಿದ ಕುಟುಂಬ, ಇವರೆಲ್ಲರ ಬಾಯಲ್ಲೂ ಇರುವುದು ನಮ್ಮೂರಿನ ಪ್ರಶ್ನೆಯೇ: ಕೊನೇ ಬಸ್ಸು ಹೋಯಿತಾ? ಅವರಲ್ಲಿ ಎಷ್ಟೋ ಜನ ರಾಯಚೂರು, ಯಾದಗಿರಿ, ಕಲಬುರಗಿ, ಬಳ್ಳಾರಿ ಕಡೆಯಿಂದ ಗುಳೆ ಬಂದವರು. ಊರಿನಲ್ಲಿ ಕಾಯುತ್ತಿದ್ದವರು ಊರು ಬಿಟ್ಟು ಬಂದು ಇಲ್ಲಿಯೂ ಕಾಯುತ್ತಿದ್ದಾರೆ. ಹಾಗಾಗಿ ಇದು ಹಳ್ಳಿ ಮತ್ತು ನಗರದ ಜಗಳವಲ್ಲ. ಸರಾಸರಿ ಕಾಯುವಿಕೆಯನ್ನು ನೋಡುವುದೋ, ಅತಿ ಹೆಚ್ಚು ಕಾಯುವವರನ್ನು ನೋಡುವುದೋ ಎಂಬ ಪ್ರಶ್ನೆ.

ನಿಮಿಷಗಳನ್ನು ಎಣಿಸುವುದರಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ರಸ್ತೆ, ಸೇತುವೆ, ರೈಲು ಯೋಜನೆಗಳ ಲಾಭ ತೋರಿಸುವಾಗ ಜನರಿಗೆ ಉಳಿಯುವ ಸಮಯಕ್ಕೆ ಬೆಲೆ ಕಟ್ಟುತ್ತಾರೆ. ಬೆಲೆ ಕಟ್ಟುವ ಸುಲಭದ ದಾರಿ ಸಂಬಳ. ಗಂಟೆಗೆ ಹೆಚ್ಚು ದುಡಿಯುವವರ ಗಂಟೆ ಹೆಚ್ಚು ಬೆಲೆಯದು. ಹಾಗೆ ಲೆಕ್ಕ ಹಾಕಿದರೆ ಕಾರಿನಲ್ಲಿ ಕೂತವರ ಹತ್ತು ನಿಮಿಷ ಉಳಿಸುವ ರಸ್ತೆ, ಬಸ್ಸಿಗೆ ಕಾದವರ ಹತ್ತು ನಿಮಿಷ ಉಳಿಸುವ ಬಸ್ಸಿಗಿಂತ ಲಾಭದಾಯಕ ಎಂದು ಕಾಣುತ್ತದೆ. ಸಂಬಳವೇ ಇಲ್ಲದ ಮನೆವಾರ್ತೆಯ ಹೆಂಗಸಿನ ಹೊತ್ತಿಗೆ ಬೆಲೆ ಎಲ್ಲಿಂದ ತರುವುದು? ಬ್ರಿಟನ್ನಿನಲ್ಲಿ ಉದ್ಯೋಗದ ಭಾಗವಲ್ಲದ ಪ್ರಯಾಣಗಳಿಗೆ ಬಡವರು, ಬಲ್ಲಿದರು ಎನ್ನದೆ ಎಲ್ಲರ ಸಮಯಕ್ಕೂ ಒಂದೇ ಸರಾಸರಿ ದರ ಹಿಡಿಯುವ ಪದ್ಧತಿಯಿದೆ. ಅದು ಲೆಕ್ಕಶಾಸ್ತ್ರದ ನಿಯಮದಂತೆ ಕಂಡರೂ ಅದರ ಹಿಂದಿರುವುದು ನೀತಿಯ ನಿರ್ಧಾರ: ಮನುಷ್ಯರು ಸಮಾನರು ಎಂದರೆ ಅವರ ಹೊತ್ತೂ ಸಮಾನ.

ಈ ದೃಷ್ಟಿಯಿಂದ 'ಶಕ್ತಿ' ಯೋಜನೆಯನ್ನು ನೋಡಬಹುದು. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಗೆ ಹಣ ಕೊಡಬೇಕಿಲ್ಲ. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಬಿಟ್ಟಿ ಕೊಟ್ಟರೆ ಸುಮ್ಮನೆ ತಿರುಗುತ್ತಾರೆ ಎಂದು ಮೂಗು ಮುರಿದವರಿದ್ದರು. ಸುಮ್ಮನೆ ತಿರುಗುವುದು ಗಂಡಸರ ಹಕ್ಕು ಎಂದು ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಆದರೆ ಬಸ್ ಪ್ರಯಾಣಕ್ಕೆ ನಾವು ಎರಡು ನಾಣ್ಯಗಳಲ್ಲಿ ಬೆಲೆ ತೆರುತ್ತೇವೆ, ಒಂದು ರೂಪಾಯಿ, ಇನ್ನೊಂದು ಹೊತ್ತು. ಶಕ್ತಿ ಮೊದಲನೆಯದನ್ನು ಸೊನ್ನೆ ಮಾಡಿತು. ಎರಡನೆಯದು ಹಾಗೇ ಉಳಿಯಿತು. ಹತ್ತುವವರು ಹೆಚ್ಚಿದಷ್ಟು ಬಸ್ಸು ಹೆಚ್ಚದ ಕಡೆ ಅದು ಏರಿತು ಕೂಡ. ಮೆಟ್ರೊದ್ದು ತದ್ವಿರುದ್ಧ. ಅದು ಹೊತ್ತು ಉಳಿಸುತ್ತದೆ, ರೂಪಾಯಿ ಕೇಳುತ್ತದೆ. 2025ರ ಫೆಬ್ರುವರಿಯ ದರ ಏರಿಕೆಯ ನಂತರ ಗರಿಷ್ಠ ಟಿಕೇಟು 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಹೀಗೆ ಹಣವಿದ್ದವರು ಹೊತ್ತನ್ನು ಕೊಂಡುಕೊಳ್ಳುವ, ಹಣವಿಲ್ಲದವರು ಹೊತ್ತನ್ನೇ ತೆರುವ ವ್ಯವಸ್ಥೆಯೊಂದು ನಮ್ಮ ಕಣ್ಣೆದುರೇ ಗಟ್ಟಿಯಾಗುತ್ತಿದೆ.

ಹಾಗಾದರೆ ದೊಡ್ಡ ನಗರದಲ್ಲಿ ಬೆಳವಣಿಗೆಗೆ ಎಲ್ಲಿ ಜಾಗವಿದೆ? ಜಾಗ ಎಂಬ ಮಾತನ್ನು ಅದರ ನೇರ ಅರ್ಥದಲ್ಲಿಯೇ ತೆಗೆದುಕೊಳ್ಳಬಹುದು. ಕಡಿಮೆ ಖರ್ಚಿನ ದಾರಿ ಈಗಿರುವ ರಸ್ತೆಯಲ್ಲಿ ಬಸ್ಸಿಗೆ ಒಂದು ಪಥ ಬಿಟ್ಟುಕೊಡುವುದು. ಬಸ್ಸಿನ ಸುತ್ತು ಬೇಗ ಮುಗಿದರೆ ಅದೇ ಬಸ್ಸು, ಅದೇ ಡ್ರೈವರು ದಿನಕ್ಕೆ ಇನ್ನೊಂದು ಟ್ರಿಪ್ ಮಾಡಬಹುದು. ಹೊಸ ಬಸ್ಸು ಕೊಳ್ಳದೆಯೇ ಕಾಯುವಿಕೆ ಇಳಿಯುತ್ತದೆ. ಕೊಲಂಬಿಯಾದ ಬೊಗೊಟಾ ನಗರ 2000ದ ಡಿಸೆಂಬರಿನಲ್ಲಿ ಹೀಗೇ ಮೀಸಲು ಪಥದ ಬಸ್ಸುಗಳನ್ನು ಶುರುಮಾಡಿತು. ಆಗ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ ಅವರ ವಾದ ಸರಳವಾಗಿತ್ತು: ಕಾನೂನಿನ ಮುಂದೆ ಎಲ್ಲರೂ ಸಮಾನರಾದರೆ, ನೂರು ಜನರಿರುವ ಬಸ್ಸಿಗೆ ಒಬ್ಬರಿರುವ ಕಾರಿನ ನೂರು ಪಟ್ಟು ರಸ್ತೆ ಸಲ್ಲಬೇಕು.

ನಮ್ಮಲ್ಲೂ ಪ್ರಯತ್ನಗಳಾಗಿವೆ. 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿನ ಆದ್ಯತಾ ಪಥ ಬಂತು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಕಾಣೆಯಾಯಿತು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ 2018ರಿಂದ 'ಚಿಗರಿ' ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ. ಆ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಿರಿ ಎಂಬ ಕೂಗೂ ಎದ್ದಿದೆ. ಪಕ್ಕದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಎದುರಿಗಿನ ಖಾಲಿ ಪಥ ದಂಡವೆನ್ನಿಸುವುದು ಸಹಜ. ಆದರೆ ಬಸ್ಸಿನ ಪಥ ಖಾಲಿ ಕಾಣುವುದು ಅದು ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದಲೂ ಇರಬಹುದು. ಕಾರುಗಳ ಕಾಯುವಿಕೆ ರಸ್ತೆಯ ಮೇಲೆ ಸಾಲುಗಟ್ಟಿ ನಿಂತು ಹಾರ್ನ್ ಹೊಡೆಯುತ್ತದೆ, ಅದಕ್ಕೆ ಸುರಂಗ ತೋಡುವ ಯೋಜನೆಗಳೂ ಬರುತ್ತವೆ. ಬಸ್ಸಿಗೆ ಕಾಯುವವರು ಸದ್ದು ಮಾಡುವುದಿಲ್ಲ. ಇವಾನ್ ಇಲಿಚ್ 1974ರ ತನ್ನ 'ಎನರ್ಜಿ ಅಂಡ್ ಈಕ್ವಿಟಿ' ಎಂಬ ಕಿರುಪುಸ್ತಕದಲ್ಲಿ ವೇಗವೂ ಒಂದು ಬಗೆಯ ಆಸ್ತಿ ಎಂಬಂತೆ ನೋಡಿದ್ದ. ಒಂದು ಮಿತಿ ದಾಟಿದ ಮೇಲೆ ಒಬ್ಬರು ಗಳಿಸುವ ವೇಗ ಇನ್ನೊಬ್ಬರ ಹೊತ್ತನ್ನು ತಿನ್ನುತ್ತದೆ ಎಂಬುದು ಅವನ ತಕರಾರು. ಮೇಲ್ಸೇತುವೆಯ ಕೆಳಗೆ ರಸ್ತೆ ದಾಟಲು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪ ಒಂದಿದೆ. ಹಣಕ್ಕೆ, ಡೀಸೆಲ್ಲಿಗೆ, ಡ್ರೈವರುಗಳಿಗೆ ಮಿತಿಯಿದೆ. ಐದು ಜನರಿಗಾಗಿ ದೊಡ್ಡ ಬಸ್ಸು ಓಡಿಸುವಾಗ, ಇನ್ನೆಲ್ಲೋ ಐವತ್ತು ಜನ ಬಸ್ಸಿಲ್ಲದೆ ನಿಂತಿರುತ್ತಾರೆ. ಅಂಚಿನವರಿಗೇ ಎಲ್ಲವನ್ನೂ ಕೊಡುತ್ತಾ ಹೋದರೆ ನಡುವಿನ ಜಾಲವೇ ಸೊರಗಿ, ಜನ ಬೈಕು ಕೊಂಡು, ಕೊನೆಗೆ ಅಂಚಿನ ಬಸ್ಸನ್ನು ಸಾಕುವ ಆದಾಯವೂ ನಿಲ್ಲಬಹುದು. ಇದನ್ನು ತಳ್ಳಿಹಾಕಲಾರೆ. ಪ್ರತಿ ಊರಿಗೂ ಹತ್ತು ನಿಮಿಷಕ್ಕೊಂದು ಬಸ್ಸು ಬೇಕೆಂದು ಯಾರೂ ಕೇಳುತ್ತಲೂ ಇಲ್ಲ. ನಾನು ಒಪ್ಪಬಲ್ಲ ನಿಯಮ ಇಷ್ಟು: ಮೊದಲು ತಳ, ಆಮೇಲೆ ಮೊತ್ತ. ಇದಕ್ಕಿಂತ ಹೆಚ್ಚು ಯಾರೂ ಕಾಯಬಾರದು ಎಂಬ ಒಂದು ತಳವನ್ನು ಊರಿಗೂ ನಗರದಂಚಿನ ಬಡಾವಣೆಗೂ ಗೊತ್ತುಮಾಡಬೇಕು. ಅದಕ್ಕೆ ಬೇಕಾದಷ್ಟನ್ನು ತೆಗೆದಿಟ್ಟ ಮೇಲೆ ಉಳಿದದ್ದನ್ನು ಹೆಚ್ಚು ಜನ ಇರುವ ಕಡೆ ಧಾರಾಳವಾಗಿ ಹಾಕಲಿ. ತಳ ಎಲ್ಲಿರಬೇಕು ಎಂಬುದಕ್ಕೆ ನನ್ನಲ್ಲಿ ಸೂತ್ರವಿಲ್ಲ. ಅದು ಗ್ರಾಮಸಭೆಯಲ್ಲಿ, ಪಾಲಿಕೆಯಲ್ಲಿ, ವಿಧಾನಸಭೆಯಲ್ಲಿ ಜಗಳವಾಡಿ ತೀರ್ಮಾನವಾಗಬೇಕಾದದ್ದು. ಈಗ ಆ ಜಗಳವೇ ನಡೆಯುತ್ತಿಲ್ಲ ಎಂಬುದು ನನ್ನ ಕೊರಗು.

ತಳ ಎಂದಾಗ ನನಗೆ ನೆನಪಾಗುವುದು ವಸ್ತಿ ಬಸ್ಸು. ನಗರದ ಓದುಗರಿಗೆ ಈ ಮಾತು ಹೊಸದಿರಬಹುದು. ರಾತ್ರಿಯ ಕೊನೆಯ ಬಸ್ಸು ಡಿಪೋಗೆ ಮರಳದೆ ಊರಿನಲ್ಲೇ ತಂಗುತ್ತದೆ. ನಸುಕಿನಲ್ಲಿ ಅದೇ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನಲ್ಲೋ, ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಊರಿನ ಹೊತ್ತು ಉಳಿಸಲು ಅವರು ಸೊಳ್ಳೆ ಕಡಿಸಿಕೊಳ್ಳುತ್ತಾರೆ ಎಂಬುದನ್ನೂ ಈ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಅವರಿಗೊಂದು ಕೋಣೆ, ಶೌಚಾಲಯ ಕೊಡುವುದು ಊರಿನ ಕರ್ತವ್ಯ. ಗಳಿಕೆಯ ಕಣ್ಣಿನಿಂದ ನೋಡಿದರೆ ವಸ್ತಿ ಬಸ್ಸು ದಂಡ. ರಾತ್ರಿ ಬರುವಾಗ ಸೀಟುಗಳು ಖಾಲಿಯಿರುತ್ತವೆ. ಆದರೆ ಅದು ಊರಿನಲ್ಲಿ ನಿಂತಿದೆ ಎಂದು ಗೊತ್ತಿದ್ದರೆ, ನಡುರಾತ್ರಿ ಮಗುವಿಗೆ ಜ್ವರ ಬಂದ ಮನೆಯಲ್ಲಿ 'ನಸುಕಿಗೆ ಹೋಗೋಣ' ಎನ್ನುವ ಧೈರ್ಯವಿರುತ್ತದೆ. ಆ ರಾತ್ರಿ ಅವರು ಹತ್ತದಿದ್ದರೂ ಬಸ್ಸು ಅವರಿಗೆ ಉಪಯೋಗಕ್ಕೆ ಬಂದಿದೆ. ಇದು ಯಾವ ಟಿಕೇಟಿನ ಲೆಕ್ಕದಲ್ಲೂ ಸಿಗುವುದಿಲ್ಲ.

ವೇಳಾಪಟ್ಟಿ ಎಂದರೆ ಕೊನೆಗೂ ಒಂದು ಮಾತು ಕೊಟ್ಟಂತೆ. ಮುಖ ನೋಡಿರದ ಜನರಿಗೆ, ಇಷ್ಟೊತ್ತಿಗೆ ಬರುತ್ತೇವೆ ಎಂದು ಸರ್ಕಾರ ಕೊಟ್ಟ ಮಾತು. ಅರ್ಧ ಗಂಟೆಗೊಮ್ಮೆ ಬಂದರೂ ಬರಬಹುದು ಎನ್ನುವ ಬಸ್ಸಿಗಿಂತ ಗಂಟೆಗೊಮ್ಮೆ ಖಾತ್ರಿ ಬರುವ ಬಸ್ಸು ಮೇಲು. ಮಾತು ನಿಂತರೆ ಜನ ತಮ್ಮ ದಿನವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಿಲ್ಲದಿದ್ದರೆ ದಿನವಿಡೀ ಇನ್ನೊಬ್ಬರ ಮರ್ಜಿಯಲ್ಲಿರುತ್ತಾರೆ. ಕಾಯುವಿಕೆಯ ನಿಜವಾದ ನೋವು ಅದು.

ಹಬ್ಬಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುವ ನಮ್ಮ ಕಡೆಯವರನ್ನು ನೋಡುತ್ತೇನೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರನ್ನು ಒಂದೇ ರಾತ್ರಿಯಲ್ಲಿ ದಾಟಿ, ಬೆಳಗಿನ ಜಾವಕ್ಕೆ ಸಿರುಗುಪ್ಪದಲ್ಲಿ ಇಳಿಯುತ್ತಾರೆ. ಕೈಯಲ್ಲಿ ಮಕ್ಕಳಿಗೆ ತಂದ ಬಟ್ಟೆಯ ಚೀಲ. ದೊಡ್ಡ ದಾರಿ ಮುಗಿದಿದೆ, ಊರಿಗೆ ಇನ್ನು ಸ್ವಲ್ಪವೇ ದೂರ. ಆಗ ಚೀಲ ಕೆಳಗಿಟ್ಟು, ಚಾದರ ಹೊದ್ದು ಕೂತ ಯಾರನ್ನೋ ಕೇಳುತ್ತಾರೆ: 'ಯಣ್ಣಾ, ಕರೂರು ಬಸ್ಸು ಹೋತೇನು?' ಸಾರಿಗೆ ಬೆಳೆದಿದೆಯೋ ಇಲ್ಲವೋ ಎಂದು ತಿಳಿಯಬೇಕಾದ ಮಂತ್ರಿಗಳು, ಅಧಿಕಾರಿಗಳು, ಎಂಟು ನಿಮಿಷಕ್ಕೆ ಉಸ್ಸೆನ್ನುವ ನನ್ನಂಥವರು ಒಮ್ಮೆ ಆ ಹೊತ್ತಿನಲ್ಲಿ ಅಲ್ಲಿ ನಿಂತು, ಚಾದರ ಹೊದ್ದವರು ಏನು ಉತ್ತರ ಕೊಡುತ್ತಾರೆ ಎಂದು ಕೇಳಿಸಿಕೊಳ್ಳಬೇಕು.